ಮೆಮೊರಿಗೆ ಬೀಗ ಹಾಕುವ ಮುನ್ನ ಲೆಕ್ಕ ಹಾಕಿ

2025ರ ಉತ್ತರಾರ್ಧದಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಒಂದೇ ಸಮನೆ ಏರಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಕಾದ ವಿಶೇಷ ಮೆಮೊರಿಯ ಕಡೆಗೆ ತಯಾರಕರು ತಮ್ಮ ಕಾರ್ಖಾನೆಗಳ ಸಾಮರ್ಥ್ಯವನ್ನು ತಿರುಗಿಸಿದ್ದರಿಂದ ಸಾಮಾನ್ಯ ಸರ್ವರ್‌ಗಳಿಗೆ ಹಾಕುವ ರ‍್ಯಾಮ್‌ಗೆ ಅಭಾವ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ತನ್ನ ‘ಕ್ರೂಷಿಯಲ್’ ವ್ಯವಹಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಇದರ ಬಿಸಿ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಮಾತ್ರ ತಟ್ಟುವಂಥದ್ದಲ್ಲ. ಹೊಸ ರ‍್ಯಾಮ್ ಕೇಳಿ ಕಳಿಸಿದ ಕಡತ ‘ಇದ್ದುದರಲ್ಲೇ ಸುಧಾರಿಸಿ’ ಎಂಬ ಷರಾದೊಂದಿಗೆ ಹಿಂದಿರುಗಿದಾಗ, ಎರಡು ಸರ್ವರ್‌ಗಳಲ್ಲಿದ್ದ ಡೇಟಾಬೇಸ್‌ಗಳು ಒಂದೇ ಸರ್ವರಿಗೆ ಬಂದು ಕೂರುತ್ತವೆ. ಒಂದು ಡೇಟಾಬೇಸ್ ಇದ್ದ ಕಡೆ ಅದರ ಪಕ್ಕದಲ್ಲೇ ವರದಿ ತಯಾರಿಸುವ ತಂತ್ರಾಂಶವೂ ಬ್ಯಾಕಪ್ ಏಜೆಂಟೂ ಜಾಗ ಹಿಡಿಯುತ್ತವೆ.

ಹೀಗೆ ಇಕ್ಕಟ್ಟಾದ ಸರ್ವರ್ ಒಂದು ದಿನ ತೆವಳಲು ತೊಡಗುತ್ತದೆ. ಆಗ ಯಾರಾದರೊಬ್ಬರು ಸೂಚಿಸುವ ಮದ್ದು ಒಂದೇ: ಡೇಟಾಬೇಸಿನ ಶೇರ್ಡ್ ಮೆಮೊರಿಯನ್ನು ರ‍್ಯಾಮಿನಲ್ಲೇ ಲಾಕ್ ಮಾಡಿಬಿಡಿ, ಅದು ಡಿಸ್ಕಿನ ಸ್ವಾಪ್ ಜಾಗಕ್ಕೆ ಹೋಗದಂತೆ ನೋಡಿಕೊಳ್ಳಿ. ಈ ಮದ್ದು ಸುಳ್ಳಲ್ಲ. ಸರಿಯಾದ ಕಡೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಸರ್ವರಿನ ಒಟ್ಟು ಮೆಮೊರಿಯ ಲೆಕ್ಕ ಮಾಡದೆ ಹಾಕಿದ ಲಾಕ್, ಅಪಘಾತವನ್ನು ತಪ್ಪಿಸುವ ಬದಲು ಅದರ ಜಾಗವನ್ನಷ್ಟೇ ಬದಲಿಸುತ್ತದೆ. ನಿಧಾನವಾಗಿ ನಡೆಯುತ್ತಿದ್ದ ಡೇಟಾಬೇಸ್ ಏಕಾಏಕಿ ಸತ್ತು ಬೀಳುತ್ತದೆ. ರ‍್ಯಾಮ್ ದುಬಾರಿಯಾಗಿರುವ ಈ ದಿನಗಳಲ್ಲಿ ಇಂಥ ಅಪಘಾತಗಳು ಹೆಚ್ಚಲಿವೆ ಎಂಬುದು ನಮ್ಮ ಆತಂಕ. ಅವು ಬರುವ ಮುನ್ನವೇ ಹೇಳಬೇಕಾದ್ದನ್ನು ಹೇಳುವುದು ಈ ಬರಹದ ಉದ್ದೇಶ.

ಮೂಲದಿಂದ ನೋಡೋಣ. ಇರುವ ರ‍್ಯಾಮಿಗಿಂತ ಹೆಚ್ಚು ಮೆಮೊರಿ ಇದೆಯೆಂದು ಪ್ರೋಗ್ರಾಮುಗಳನ್ನು ನಂಬಿಸಿ, ಸದ್ಯಕ್ಕೆ ಬೇಡದ ಪುಟಗಳನ್ನು ಹಿನ್ನೆಲೆಯ ಸಂಗ್ರಹಕ್ಕೆ ಸಾಗಿಸುವ ಉಪಾಯ 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನೊಂದಿಗೆ ಬಳಕೆಗೆ ಬಂತು. ಆರು ವರ್ಷಗಳ ಬಳಿಕ, 1968ರಲ್ಲಿ, ಪೀಟರ್ ಡೆನ್ನಿಂಗ್ ಅದರ ಇನ್ನೊಂದು ಮುಖವನ್ನು ವಿವರಿಸಿದರು. ಚಾಲ್ತಿಯಲ್ಲಿರುವ ಪ್ರೋಗ್ರಾಮುಗಳಿಗೆ ಆ ಕ್ಷಣಕ್ಕೆ ಬೇಕಾದ ಪುಟಗಳಷ್ಟೂ ರ‍್ಯಾಮಿನಲ್ಲಿ ಹಿಡಿಸದೆ ಹೋದರೆ, ಯಂತ್ರ ಕೆಲಸ ಬಿಟ್ಟು ಪುಟಗಳನ್ನು ಒಳಗೆ ಹೊರಗೆ ಸಾಗಿಸುವುದರಲ್ಲೇ ಮುಳುಗುತ್ತದೆ. ಇದನ್ನೇ ಥ್ರ್ಯಾಶಿಂಗ್ ಎನ್ನುತ್ತಾರೆ. 1981ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಡೇಟಾಬೇಸ್‌ಗಳ ಪರವಾಗಿ ಇದಕ್ಕೆ ಹತ್ತಿರದ ದೂರೊಂದನ್ನು ಮುಂದಿಟ್ಟರು: ಯಾವ ಪುಟವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಡೇಟಾಬೇಸಿಗೆ ಗೊತ್ತಿರುವಷ್ಟು ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಿರುವುದಿಲ್ಲ. ಇಂದಿನ ಲಾಕ್ ಪ್ರಶ್ನೆಯ ಬೇರು ಇಲ್ಲೇ ಇದೆ.

ಒರಾಕಲ್ ಆಗಲಿ ಪೋಸ್ಟ್‌ಗ್ರೆಸ್ ಆಗಲಿ, ಡಿಸ್ಕಿನಿಂದ ಓದಿದ ಮಾಹಿತಿಯನ್ನು ಎಲ್ಲ ಪ್ರೊಸೆಸ್‌ಗಳೂ ಬಳಸುವ ಒಂದು ದೊಡ್ಡ ಶೇರ್ಡ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಒರಾಕಲ್‌ನಲ್ಲಿ ಅದು ಎಸ್‌ಜಿಎ, ಪೋಸ್ಟ್‌ಗ್ರೆಸ್‌ನಲ್ಲಿ ಅದರ ಮುಖ್ಯ ಭಾಗ ಶೇರ್ಡ್ ಬಫರ್ಸ್. ಡಿಸ್ಕಿಗೆ ಹೋಗುವುದನ್ನು ತಪ್ಪಿಸಲೆಂದೇ ಕಟ್ಟಿದ ಈ ಜಾಗವನ್ನೇ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಡಿಸ್ಕಿನ ಸ್ವಾಪ್‌ಗೆ ಕಳಿಸಿದರೆ ಆಗುವ ನಷ್ಟ ಇಬ್ಬಗೆಯದು. ರ‍್ಯಾಮಿನಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಒಳ್ಳೆಯ ಎಸ್‌ಎಸ್‌ಡಿಗೂ ಅದರ ಸಾವಿರ ಪಟ್ಟು ಸಮಯ ಬೇಕು, ತಿರುಗುವ ಹಾರ್ಡ್ ಡಿಸ್ಕ್ ಆದರೆ ಲಕ್ಷ ಪಟ್ಟು. ಇದರ ಮೇಲೆ, ಸ್ವಾಪ್‌ಗೆ ಹೋದ ಪುಟವನ್ನು ಡೇಟಾಬೇಸ್ ತನ್ನ ಫೈಲಿಗೆ ಬರೆದು ಖಾಲಿ ಮಾಡಬೇಕೆಂದರೆ ಮೊದಲು ಸ್ವಾಪ್‌ನಿಂದ ಒಳಗೆ ತರಬೇಕು, ಆಮೇಲೆ ಫೈಲಿಗೆ ಬರೆಯಬೇಕು. ಒಂದು ಕೆಲಸಕ್ಕೆ ಎರಡು ಸಲ ಡಿಸ್ಕ್ ಯಾತ್ರೆ.

ಇನ್ನೂ ಕೆಟ್ಟದ್ದು ಸರದಿಯಲ್ಲಿ ಆಗುವ ಅನಾಹುತ. ಶೇರ್ಡ್ ಮೆಮೊರಿಯ ಒಳಗಿನ ಪಟ್ಟಿಗಳನ್ನು ಮುಟ್ಟುವ ಮುನ್ನ ಪ್ರತಿ ಪ್ರೊಸೆಸ್, ಇತರರನ್ನು ಕ್ಷಣಕಾಲ ತಡೆಯುವ ಲ್ಯಾಚ್ ಎಂಬ ಚಿಲಕವೊಂದನ್ನು ಹಿಡಿಯುತ್ತದೆ. ಮೈಕ್ರೊಸೆಕೆಂಡುಗಳಲ್ಲಿ ಕೆಲಸ ಮುಗಿಸಿ ಬಿಟ್ಟುಕೊಡುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಲ್ಯಾಚ್ ಹಿಡಿದ ಪ್ರೊಸೆಸ್ ಮುಟ್ಟಬೇಕಾದ ಪುಟವೇ ಸ್ವಾಪ್‌ನಲ್ಲಿದ್ದರೆ ಅದು ಅಲ್ಲೇ ನಿದ್ದೆಗೆ ಜಾರುತ್ತದೆ, ಲ್ಯಾಚ್ ಅದರ ಕೈಯಲ್ಲೇ ಉಳಿಯುತ್ತದೆ. ಹಿಂದೆ ಕಾಯುವ ನೂರಾರು ಪ್ರೊಸೆಸ್‌ಗಳು ಸಿಪಿಯು ಸುಡುತ್ತಾ ಸುತ್ತುತ್ತಿರುತ್ತವೆ. ಹೊರಗಿನಿಂದ ನೋಡಿದವರಿಗೆ ಸಿಪಿಯು ಭರ್ತಿಯಾಗಿದೆ, ಕೆಲಸ ಮಾತ್ರ ಸಾಗುತ್ತಿಲ್ಲ. ಮೇಲಧಿಕಾರಿಗಳು ಸಿಪಿಯು ಹೆಚ್ಚಿಸಿ ಎನ್ನುತ್ತಾರೆ. ರೋಗ ಇರುವುದು ಮೆಮೊರಿಯಲ್ಲಿ.

ಆದ್ದರಿಂದ ಲಾಕ್ ಮಾಡುವ ಸೌಲಭ್ಯವನ್ನು ಹಲವು ಪ್ರಮುಖ ಡೇಟಾಬೇಸ್‌ಗಳು ಬಹಳ ಹಿಂದಿನಿಂದ ಕೊಡುತ್ತಾ ಬಂದಿವೆ. ಒರಾಕಲ್‌ನಲ್ಲಿ ಲಾಕ್ ಎಸ್‌ಜಿಎ ಎಂಬ ಪ್ಯಾರಾಮೀಟರ್ ಇದೆ, ಮೈಎಸ್‌ಕ್ಯುಎಲ್‌ನಲ್ಲಿ ಮೆಮ್‌ಲಾಕ್ ಆಯ್ಕೆ ಇದೆ, ವಿಂಡೋಸ್‌ನ ಎಸ್‌ಕ್ಯುಎಲ್ ಸರ್ವರಿಗೆ ‘ಲಾಕ್ ಪೇಜಸ್ ಇನ್ ಮೆಮೊರಿ’ ಎಂಬ ಹಕ್ಕು ಇದೆ. ಫ್ರೀಬಿಎಸ್‌ಡಿ ಕರ್ನಲ್‌ನಲ್ಲಿ ಶೇರ್ಡ್ ಮೆಮೊರಿಯನ್ನು ರ‍್ಯಾಮಿನಲ್ಲೇ ಉಳಿಸುವ ಒಂದು ಸೆಟ್ಟಿಂಗ್ ಇದೆ. ಲಿನಕ್ಸ್‌ನಲ್ಲಿ ಹ್ಯೂಜ್ ಪೇಜ್ ಎಂಬ ದೊಡ್ಡ ಪುಟಗಳನ್ನು ಕಾಯ್ದಿರಿಸಿ ಡೇಟಾಬೇಸನ್ನು ಅವುಗಳಲ್ಲಿ ಕೂರಿಸಿದರೆ ಪ್ರತ್ಯೇಕ ಲಾಕ್ ಬೇಕಾಗಿಲ್ಲ, ಏಕೆಂದರೆ ಹೀಗೆ ಕಾಯ್ದಿರಿಸಿದ ಹ್ಯೂಜ್ ಪೇಜ್‌ಗಳು ಸ್ವಾಪ್‌ಗೆ ಹೋಗುವುದೇ ಇಲ್ಲ.

ಆದರೆ ಲಾಕ್ ಮಾಡಿದ ಮಾತ್ರಕ್ಕೆ ಮೆಮೊರಿ ಒಂದು ಬೈಟಿನಷ್ಟೂ ಹೆಚ್ಚುವುದಿಲ್ಲ. ಕರ್ನಲ್‌ಗೆ ಕೊರತೆ ಬಿದ್ದಾಗ ಅದು ಎಲ್ಲಿಂದಲಾದರೂ ಜಾಗ ಬಿಡಿಸಿಕೊಳ್ಳಲೇಬೇಕು. ಶೇರ್ಡ್ ಮೆಮೊರಿಯನ್ನು ಮುಟ್ಟುವಂತಿಲ್ಲ ಎಂದಾದರೆ ಉಳಿದವುಗಳ ಮೇಲೆ ಅಷ್ಟೂ ಒತ್ತಡ ಬೀಳುತ್ತದೆ. ಆ ಉಳಿದವುಗಳಲ್ಲಿ ಡೇಟಾಬೇಸಿನದೇ ಖಾಸಗಿ ಮೆಮೊರಿಯೂ ಸೇರಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಪೋಸ್ಟ್‌ಗ್ರೆಸ್‌ನ ವರ್ಕ್ ಮೆಮ್ ಮಿತಿ ಇಡೀ ಸರ್ವರಿನದ್ದಲ್ಲ, ಒಂದು ಸಂಪರ್ಕದ್ದೂ ಅಲ್ಲ. ಕ್ವೆರಿಯೊಳಗಿನ ಒಂದೊಂದು ವಿಂಗಡಣೆಗೂ ಅದು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಅದನ್ನು 64 ಎಂಬಿಗೆ ಏರಿಸಿ, 200 ಸಂಪರ್ಕಗಳು ಏಕಕಾಲಕ್ಕೆ ತಲಾ ಎರಡು ವಿಂಗಡಣೆ ನಡೆಸಿದರೆ 25 ಜಿಬಿ ಬೇಕು. ಒರಾಕಲ್‌ನಲ್ಲಿ ಖಾಸಗಿ ಮೆಮೊರಿಗಿರುವ ಪಿಜಿಎ ಅಗ್ರಿಗೇಟ್ ಟಾರ್ಗೆಟ್ ಒಂದು ಗುರಿ ಮಾತ್ರ, ಮಿತಿಯಲ್ಲ. ಮಿತಿ ಹೇರುವ ಬೇರೊಂದು ಪ್ಯಾರಾಮೀಟರ್ ಬಂದದ್ದು 12ಸಿ ಆವೃತ್ತಿಯಲ್ಲಿ. ಲಾಕ್ ಇವ್ಯಾವುದನ್ನೂ ಕಾಯುವುದಿಲ್ಲ.

ಒತ್ತಡ ಮಿತಿ ಮೀರಿದಾಗ ಲಿನಕ್ಸ್ ತನ್ನ ಕೊನೆಯ ಅಸ್ತ್ರವಾದ ಓಓಎಂ ಕಿಲ್ಲರ್ ಪ್ರಯೋಗಿಸುತ್ತದೆ, ದೊಡ್ಡದಾಗಿ ಕಾಣುವ ಪ್ರೊಸೆಸ್ ಒಂದನ್ನು ಆರಿಸಿ ಕೊಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ಒಂದೇ ಒಂದು ಬ್ಯಾಕೆಂಡ್ ಹೀಗೆ ಸತ್ತರೂ, ಶೇರ್ಡ್ ಮೆಮೊರಿ ಕೆಟ್ಟಿರಬಹುದೆಂಬ ಎಚ್ಚರದಿಂದ ಅದು ಉಳಿದೆಲ್ಲ ಸಂಪರ್ಕಗಳನ್ನೂ ಕಡಿದು ಕ್ರ್ಯಾಶ್ ರಿಕವರಿಗೆ ಹೋಗುತ್ತದೆ. ಒರಾಕಲ್‌ನಲ್ಲಿ ಲಾಗ್ ಬರೆಯುವ ಪ್ರೊಸೆಸ್ ಸತ್ತರೆ ಇಡೀ ಇನ್‌ಸ್ಟೆನ್ಸ್ ಮುಗಿಯಿತು. ವಿಂಡೋಸ್‌ನಲ್ಲೂ ಕಥೆ ಬೇರೆಯಲ್ಲ: ಲಾಕ್ ಹಕ್ಕು ಕೊಟ್ಟು, ಎಸ್‌ಕ್ಯುಎಲ್ ಸರ್ವರಿನ ಗರಿಷ್ಠ ಮೆಮೊರಿಯ ಸೆಟ್ಟಿಂಗನ್ನು ಮೂಲದಲ್ಲಿದ್ದಂತೆ ಮಿತಿಯಿಲ್ಲದೆ ಬಿಟ್ಟರೆ, ಉಸಿರಾಡಲು ಜಾಗವಿಲ್ಲದೆ ಒದ್ದಾಡುವುದು ಆಪರೇಟಿಂಗ್ ಸಿಸ್ಟಮ್ಮೇ.

ಲೆಕ್ಕದಿಂದ ತಪ್ಪಿಸಿಕೊಳ್ಳುವ ಇನ್ನೊಂದು ದೊಡ್ಡ ಬಾಬತ್ತನ್ನು ಹತ್ತಿರದಿಂದ ನೋಡಬೇಕು. 128 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಸರ್ವರ್, ಅದರಲ್ಲಿ 64 ಜಿಬಿ ಎಸ್‌ಜಿಎ, 500 ಸಂಪರ್ಕಗಳು ಎಂದಿಟ್ಟುಕೊಳ್ಳಿ. ಅರ್ಧ ರ‍್ಯಾಮ್ ಖಾಲಿ ಉಳಿಯುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಎಕ್ಸ್86 ಯಂತ್ರದಲ್ಲಿ ಸಾಮಾನ್ಯ ಪುಟದ ಅಳತೆ 4 ಕೆಬಿ. 64 ಜಿಬಿಗೆ 1,67,77,216 ಪುಟಗಳಾದವು. ಪ್ರತಿ ಪುಟ ಎಲ್ಲಿದೆ ಎಂದು ಬರೆದಿಡಲು ಪೇಜ್ ಟೇಬಲಿನಲ್ಲಿ 8 ಬೈಟ್ ಬೇಕು, ಅಂದರೆ 128 ಎಂಬಿ. ಈ ಟೇಬಲ್ ಒಂದೊಂದು ಪ್ರೊಸೆಸ್‌ಗೂ ಬೇರೆ ಬೇರೆ. ದಿನ ಕಳೆದಂತೆ 500 ಪ್ರೊಸೆಸ್‌ಗಳೂ ಎಸ್‌ಜಿಎಯ ಎಲ್ಲ ಮೂಲೆಗಳನ್ನು ಮುಟ್ಟಿದರೆ ಪೇಜ್ ಟೇಬಲುಗಳೇ 62.5 ಜಿಬಿ ನುಂಗುತ್ತವೆ. ಎರಡೂ ಸೇರಿ 126.5 ಜಿಬಿ. ಒಂದೂ ವಿಂಗಡಣೆ ನಡೆಯುವ ಮೊದಲೇ ಸರ್ವರ್ ತುಂಬಿತು. ಲಿನಕ್ಸ್‌ನಲ್ಲಿ ಪೇಜ್ ಟೇಬಲುಗಳು ಸ್ವಾಪ್‌ಗೂ ಹೋಗುವುದಿಲ್ಲ. ಇಂಥ ಸರ್ವರಿನಲ್ಲಿ 4 ಕೆಬಿ ಪುಟಗಳನ್ನೇ ಇಟ್ಟುಕೊಂಡು ಎಸ್‌ಜಿಎ ಲಾಕ್ ಮಾಡಿದರೆ ಕರ್ನಲ್‌ಗೆ ಬಿಡಿಸಿಕೊಳ್ಳಲು ಉಳಿಯುವುದಾದರೂ ಏನು?

ಅದೇ ಎಸ್‌ಜಿಎಯನ್ನು 2 ಎಂಬಿಯ ಹ್ಯೂಜ್ ಪೇಜ್‌ಗಳಲ್ಲಿ ಕೂರಿಸಿದರೆ ಪುಟಗಳ ಸಂಖ್ಯೆ 32,768ಕ್ಕೆ ಇಳಿಯುತ್ತದೆ. ಪ್ರತಿ ಪ್ರೊಸೆಸ್‌ನ ಟೇಬಲಿಗೆ 256 ಕೆಬಿ ಸಾಕು, 500ಕ್ಕೂ ಸೇರಿ 125 ಎಂಬಿ. 62 ಜಿಬಿಗೂ ಹೆಚ್ಚು ರ‍್ಯಾಮ್ ಒಂದು ಪೈಸೆ ಖರ್ಚಿಲ್ಲದೆ ಉಳಿಯುತ್ತದೆ, ಸ್ವಾಪ್‌ನಿಂದ ರಕ್ಷಣೆಯೂ ಜೊತೆಗೇ ಸಿಗುತ್ತದೆ. ರ‍್ಯಾಮ್ ಕೊಳ್ಳಲು ಹಣವಿಲ್ಲ ಎನ್ನುವ ಸಂಸ್ಥೆಗಳು ಮೊದಲು ಮಾಡಬೇಕಾದ ಕೆಲಸ ಇದು. ಲಿನಕ್ಸ್‌ನಲ್ಲಿ ದೊಡ್ಡ ಡೇಟಾಬೇಸ್ ನಡೆಸುವವರಿಗೆ ‘ಲಾಕ್ ಮಾಡಬೇಕೆ’ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಮಾಡಿ, ಆದರೆ ಹ್ಯೂಜ್ ಪೇಜ್‌ಗಳ ಮೂಲಕ ಮಾಡಿ.

ಇದಕ್ಕೂ ಒಂದು ಷರತ್ತಿದೆ. ಹ್ಯೂಜ್ ಪೇಜ್ ಕಾಯ್ದಿರಿಸುವುದೆಂದರೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದಂತೆ. ಹಾಕಿದವರು ಬಂದು ಕೂತರೆ ಸರಿ, ಬಾರದಿದ್ದರೆ ಬಸ್ಸು ತುಂಬಿ ತುಳುಕುತ್ತಿದ್ದರೂ ಆ ಸೀಟು ಖಾಲಿ. ಕಾಯ್ದಿರಿಸಿದ ಹ್ಯೂಜ್ ಪೇಜ್‌ಗಳನ್ನು ಸಾಮಾನ್ಯ ಪ್ರೊಸೆಸ್‌ಗಳು ಬಳಸಲಾರವು. ಈಗ ಇದನ್ನು ಊಹಿಸಿ: 64 ಜಿಬಿಗೆ ಸರಿಹೊಂದುವಂತೆ ಹ್ಯೂಜ್ ಪೇಜ್ ಇಟ್ಟಿದ್ದೀರಿ. ಯಾರೋ ಎಸ್‌ಜಿಎಯನ್ನು 68 ಜಿಬಿಗೆ ಏರಿಸಿದರು, ಹ್ಯೂಜ್ ಪೇಜ್‌ಗಳ ಸಂಖ್ಯೆ ಹಾಗೆಯೇ ಉಳಿಯಿತು. ಮುಂದಿನ ರೀಸ್ಟಾರ್ಟ್‌ನಲ್ಲಿ ಡೇಟಾಬೇಸ್ ಏನು ಮಾಡುತ್ತದೆ? ಒರಾಕಲ್‌ನ ಹಳೆಯ ಆವೃತ್ತಿಗಳು ಇಡೀ ಎಸ್‌ಜಿಎಯನ್ನು ಸಾಮಾನ್ಯ ಪುಟಗಳಲ್ಲಿ ಎಬ್ಬಿಸುತ್ತಿದ್ದವು. ಕಾಯ್ದಿರಿಸಿದ 64 ಜಿಬಿ ಖಾಲಿ ಬಿದ್ದಿರುತ್ತಿತ್ತು, ಉಳಿದರ್ಧದಲ್ಲಿ ಡೇಟಾಬೇಸ್ ಒದ್ದಾಡುತ್ತಿತ್ತು. ಪೋಸ್ಟ್‌ಗ್ರೆಸ್‌ನ ಹ್ಯೂಜ್ ಪೇಜಸ್ ಸೆಟ್ಟಿಂಗ್ ಮೂಲದಲ್ಲಿ ‘ಟ್ರೈ’ ಎಂದಿರುತ್ತದೆ. ಪ್ರಯತ್ನಿಸುತ್ತದೆ, ಸಿಗದಿದ್ದರೆ ತುಟಿ ಬಿಚ್ಚದೆ 4 ಕೆಬಿ ಪುಟಗಳಿಗೆ ಇಳಿಯುತ್ತದೆ.

ಈ ಮೌನವೇ ನಮ್ಮನ್ನು ಹೆಚ್ಚು ಕಂಗೆಡಿಸುವ ಸಂಗತಿ. ಭಾನುವಾರ ರಾತ್ರಿಯ ನಿರ್ವಹಣಾ ಅವಧಿಯಲ್ಲಿ ರೀಸ್ಟಾರ್ಟ್ ಆದ ಡೇಟಾಬೇಸ್ ಸೋಮವಾರ ಬೆಳಗ್ಗೆ ಚೆನ್ನಾಗಿಯೇ ಇರುತ್ತದೆ. ಸಂಪರ್ಕಗಳು ಏರಿ, ಪ್ರೊಸೆಸ್‌ಗಳು ಹೆಚ್ಚು ಹೆಚ್ಚು ಪುಟಗಳನ್ನು ಮುಟ್ಟಿ, ಪೇಜ್ ಟೇಬಲುಗಳು ಉಬ್ಬಿ, ದಿನಗಳ ಬಳಿಕ ಕೆಲಸದ ಒತ್ತಡ ತುತ್ತತುದಿಗೇರಿದ ಹೊತ್ತಿನಲ್ಲಿ ಕುಸಿಯುತ್ತದೆ. ಆಗ ಭಾನುವಾರದ ಬದಲಾವಣೆ ಯಾರ ನೆನಪಿಗೂ ಬರುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ಪೋಸ್ಟ್‌ಗ್ರೆಸ್‌ನಲ್ಲಿ ಆ ಸೆಟ್ಟಿಂಗನ್ನು ‘ಆನ್’ ಮಾಡಿ, ಒರಾಕಲ್‌ನ ಯೂಸ್ ಲಾರ್ಜ್ ಪೇಜಸ್ ಪ್ಯಾರಾಮೀಟರನ್ನು ‘ಓನ್ಲಿ’ ಎಂದಿಡಿ. ಹ್ಯೂಜ್ ಪೇಜ್ ಸಾಲದಿದ್ದರೆ ಡೇಟಾಬೇಸ್ ಏಳುವುದೇ ಇಲ್ಲ. ಏಳದ ಡೇಟಾಬೇಸ್ ಭಯ ಹುಟ್ಟಿಸುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಆದರೆ ಎಲ್ಲರೂ ಎಚ್ಚರವಿರುವ ನಿರ್ವಹಣಾ ಅವಧಿಯಲ್ಲಿ ಏಳದೆ ಇರುವುದು, ಜನ ಸಾಲುಗಟ್ಟಿ ನಿಂತ ಮಧ್ಯಾಹ್ನ ಬೀಳುವುದಕ್ಕಿಂತ ಎಷ್ಟೋ ಮೇಲು.

ಸಣ್ಣದಾಗಿ ಕಾಣುವ, ಆದರೆ ದೊಡ್ಡ ಏಟು ಕೊಡುವ ಕೆಲವು ಗುಂಡಿಗಳಿವೆ. ಸಾಮಾನ್ಯ ಬಳಕೆದಾರ ಎಷ್ಟು ಮೆಮೊರಿ ಲಾಕ್ ಮಾಡಬಹುದು ಎಂಬುದಕ್ಕೆ ಲಿನಕ್ಸ್‌ನಲ್ಲಿ ಮಿತಿಯಿದೆ. ಬಹುಕಾಲ ಮೂಲ ಮಿತಿ ಬರೀ 64 ಕೆಬಿ ಇತ್ತು, 5.16 ಕರ್ನಲ್‌ನಿಂದ 8 ಎಂಬಿ ಆಗಿದೆ. ಡೇಟಾಬೇಸಿಗಾಗಿ ಇದನ್ನು ಲಿಮಿಟ್ಸ್ ಫೈಲಿನಲ್ಲಿ ಏರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಸಿಸ್ಟಮ್‌ಡಿ ಮೂಲಕ ಶುರುವಾಗುವ ಸರ್ವಿಸ್‌ಗಳು ಆ ಫೈಲನ್ನು ನೋಡುವುದೇ ಇಲ್ಲ. ಸರ್ವಿಸ್‌ನ ಯೂನಿಟ್ ಫೈಲಿನಲ್ಲೇ ಮಿತಿಯನ್ನು ಬರೆಯಬೇಕು. ಕೈಯಾರೆ ಎಬ್ಬಿಸಿದಾಗ ಸರಿಯಿದ್ದ ಡೇಟಾಬೇಸ್ ರೀಬೂಟ್ ಆದ ಮೇಲೆ ಲಾಕ್ ಇಲ್ಲದೆ ಓಡುವುದು ಇದರಿಂದಲೇ. ಓಡುತ್ತಿರುವ ಯಂತ್ರದಲ್ಲಿ ಹ್ಯೂಜ್ ಪೇಜ್ ಕೇಳಿದರೆ ಮೆಮೊರಿ ಚೂರುಚೂರಾಗಿರುವುದರಿಂದ ಕೇಳಿದ್ದಕ್ಕಿಂತ ಕಡಿಮೆ ಸಿಗಬಹುದು, ಬೂಟ್ ಹೊತ್ತಿನಲ್ಲೇ ಕಾಯ್ದಿರಿಸುವುದು ಕ್ಷೇಮ. ಒರಾಕಲ್‌ನಲ್ಲಿ ಮೆಮೊರಿ ಟಾರ್ಗೆಟ್ ಬಳಸುವ ಸ್ವಯಂಚಾಲಿತ ವ್ಯವಸ್ಥೆಯೂ ಹ್ಯೂಜ್ ಪೇಜೂ ಜೊತೆಯಾಗಿ ನಡೆಯುವುದಿಲ್ಲ, ಒಂದನ್ನು ಬಿಡಲೇಬೇಕು.

ಲಾಕ್ ಹಾಕಿದರೂ ವಾಸಿಯಾಗದ ಕಾಯಿಲೆಗಳೂ ಇವೆ. 2010ರಲ್ಲಿ ಜೆರೆಮಿ ಕೋಲ್ ಮೈಎಸ್‌ಕ್ಯುಎಲ್ ಸರ್ವರ್‌ಗಳ ಒಂದು ವಿಚಿತ್ರವನ್ನು ಬಿಡಿಸಿ ತೋರಿಸಿದರು: ರ‍್ಯಾಮ್ ಖಾಲಿ ಇದ್ದರೂ ಯಂತ್ರ ಸ್ವಾಪ್ ಮಾಡುತ್ತಿತ್ತು. ಎರಡು ಪ್ರೊಸೆಸರ್‌ಗಳ ಯಂತ್ರದಲ್ಲಿ ರ‍್ಯಾಮ್ ಕೂಡ ಎರಡು ಪಾಲಾಗಿರುತ್ತದೆ. ಮೈಎಸ್‌ಕ್ಯುಎಲ್ ತನ್ನ ಮಾಹಿತಿ ಇಟ್ಟುಕೊಳ್ಳುವ ದೊಡ್ಡ ಬಫರ್ ಪೂಲ್ ಒಂದು ಪಾಲನ್ನು ಪೂರ್ತಿ ತುಂಬಿದರೆ, ಇನ್ನೊಂದರಲ್ಲಿ ಜಾಗವಿದ್ದರೂ ತುಂಬಿದ ಕಡೆಯಿಂದ ಪುಟಗಳು ಹೊರಹೋಗುತ್ತವೆ. ಅಲ್ಲಿ ಬೇಕಾದದ್ದು ಬಫರ್ ಪೂಲನ್ನು ಎರಡೂ ಪಾಲುಗಳಲ್ಲಿ ಸಮನಾಗಿ ಹರಡುವುದು. ವರ್ಚುವಲ್ ಮಷೀನ್‌ಗಳ ವಿಷಯ ಇನ್ನೂ ಸೂಕ್ಷ್ಮ. ಅತಿಥಿ ಯಂತ್ರದೊಳಗೆ ಹಾಕಿದ ಲಾಕ್ ಆ ಯಂತ್ರದ ಗಡಿ ದಾಟುವುದಿಲ್ಲ. ಅದು ರ‍್ಯಾಮ್ ಎಂದು ತಿಳಿದಿರುವುದನ್ನೇ ಕೆಳಗಿನ ಹೈಪರ್‌ವೈಸರ್ ತನ್ನ ಡಿಸ್ಕಿಗೆ ತಳ್ಳಬಹುದು. ಅಲ್ಲಿ ಆ ಯಂತ್ರದ ಮೆಮೊರಿಯನ್ನು ಪೂರ್ತಿ ಮೀಸಲಿಡದೆ ಒಳಗೆ ಎಷ್ಟು ಲಾಕ್ ಹಾಕಿದರೂ ರಕ್ಷಣೆ ಅರೆಬರೆ. ರ‍್ಯಾಮ್ ಉಳಿಸಲು ಒಂದೇ ಹೋಸ್ಟ್ ಮೇಲೆ ಹೆಚ್ಚು ಹೆಚ್ಚು ಯಂತ್ರಗಳನ್ನು ಪೇರಿಸುವ ಹುಮ್ಮಸ್ಸು ಹೆಚ್ಚಲಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ.

ಹಾಗಾದರೆ ನಮ್ಮ ನಿಲುವೇನು? ಸರ್ವರ್ ಡೇಟಾಬೇಸಿಗೆಂದೇ ಮೀಸಲಾಗಿದ್ದು, ಅದರ ಶೇರ್ಡ್ ಮೆಮೊರಿ, ಖಾಸಗಿ ಮೆಮೊರಿಯ ಗರಿಷ್ಠ ಮೊತ್ತ, ಪೇಜ್ ಟೇಬಲ್, ಫೈಲ್ ಕ್ಯಾಶ್, ಬ್ಯಾಕಪ್ ಮತ್ತು ಮೇಲ್ವಿಚಾರಣೆಯ ಏಜೆಂಟ್‌ಗಳ ಪಾಲು ಎಲ್ಲವನ್ನೂ ಕೂಡಿಸಿಯೂ ರ‍್ಯಾಮ್ ಉಳಿಯುವುದಾದರೆ ಲಾಕ್ ಮಾಡಲೇಬೇಕು. ಒಂದೇ ಯಂತ್ರದಲ್ಲಿ ಹಲವು ಡೇಟಾಬೇಸ್‌ಗಳೂ ತಂತ್ರಾಂಶಗಳೂ ಮಿತಿಯಿಲ್ಲದೆ ಬೆಳೆಯುತ್ತಿದ್ದರೆ ಲಾಕ್ ಮಾಡಬೇಡಿ, ಮೊದಲು ಪ್ರತಿಯೊಂದಕ್ಕೂ ಮಿತಿ ಹಾಕಿ ಅಥವಾ ಅವುಗಳನ್ನು ಬೇರ್ಪಡಿಸಿ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಕರ್ನಲ್‌ನ ಫೈಲ್ ಕ್ಯಾಶನ್ನೂ ನೆಚ್ಚಿಕೊಂಡಿರುತ್ತದೆ. ಆದ್ದರಿಂದಲೇ ಅದರ ಕೈಪಿಡಿ ಶೇರ್ಡ್ ಬಫರ್ಸ್‌ಗೆ ರ‍್ಯಾಮಿನ ಕಾಲು ಭಾಗದಿಂದ ಶುರುಮಾಡಿ ಎನ್ನುತ್ತದೆ. ಸಿಕ್ಕಷ್ಟನ್ನೂ ಲಾಕ್ ಮಾಡುವುದು ಅಲ್ಲಿ ಲಾಭವಲ್ಲ. ಸ್ವಾಪ್ ಅನ್ನು ಪೂರ್ತಿ ತೆಗೆದುಹಾಕುವುದನ್ನೂ ನಾವು ಒಪ್ಪುವುದಿಲ್ಲ. ಸಣ್ಣದೊಂದು ಸ್ವಾಪ್ ಇದ್ದರೆ ಅದರ ಚಲನೆಯೇ ಮೊದಲ ಎಚ್ಚರಿಕೆ ಕೊಡುತ್ತದೆ, ಇಲ್ಲದಿದ್ದರೆ ಮೊದಲ ಸುದ್ದಿ ಓಓಎಂ ಕಿಲ್ಲರಿನದೇ ಆಗಿರುತ್ತದೆ.

ಲಕ್ಷಣಗಳು ಇಂದೇ ನೋಡಲು ಸಿಗುತ್ತವೆ. ವಿಎಂಸ್ಟ್ಯಾಟ್ ಕಮಾಂಡಿನಲ್ಲಿ ಸ್ವಾಪ್‌ನ ಒಳಬರುವ, ಹೊರಹೋಗುವ ಎರಡು ಕಾಲಂಗಳನ್ನು ನೋಡಿ. ಮೊದಲ ಸಾಲು ಬೂಟ್ ಆದಾಗಿನಿಂದಿನ ಸರಾಸರಿ, ಅದನ್ನು ಬಿಡಿ. ಮುಂದಿನ ಸಾಲುಗಳಲ್ಲಿ ಸತತವಾಗಿ ಅಂಕಿ ಕಂಡರೆ ಅದು ರೋಗದ ಗುರುತು. ಸ್ವಾಪ್‌ನಲ್ಲಿ ಒಂದಿಷ್ಟು ಪುಟಗಳು ಸುಮ್ಮನೆ ಬಿದ್ದಿದ್ದರೆ ಗಾಬರಿಯಾಗಬೇಕಿಲ್ಲ. ಮೆಮ್‌ಇನ್ಫೊ ಫೈಲಿನಲ್ಲಿ ಪೇಜ್ ಟೇಬಲ್ಸ್ ಸಾಲು ಜಿಬಿಗಳಲ್ಲಿ ಬೆಳೆಯುತ್ತಿದೆಯೇ, ಕಾಯ್ದಿರಿಸಿದ ಹ್ಯೂಜ್ ಪೇಜ್‌ಗಳಲ್ಲಿ ಬಹುಪಾಲು ಖಾಲಿ ಇವೆಯೇ ಎಂದು ನೋಡಿ. 2018ರ ಕೊನೆಗೆ ಬಂದ 4.20 ಕರ್ನಲ್‌ನಿಂದೀಚೆಗೆ ಮೆಮೊರಿಗಾಗಿ ಪ್ರೊಸೆಸ್‌ಗಳು ಕಾದ ಸಮಯವನ್ನೇ ಅಳೆದು ಹೇಳುವ ‘ಪ್ರೆಷರ್’ ಫೈಲ್ ಇದೆ, ಅದಕ್ಕೆ ಅಲಾರಂ ಕಟ್ಟಿ. ಸ್ಟ್ಯಾಂಡ್‌ಬೈ ಸರ್ವರಿನಲ್ಲೂ ಇದೇ ಪರೀಕ್ಷೆ ನಡೆಯಲಿ. ಮುಖ್ಯ ಸರ್ವರಿಗೆ ಹಾಕಿದ ಸೆಟ್ಟಿಂಗ್ ಸ್ಟ್ಯಾಂಡ್‌ಬೈಗೆ ತಲುಪಿಲ್ಲವೆಂಬುದು ಫೇಲ್‌ಓವರ್ ಆದ ಗಳಿಗೆಯಲ್ಲಿ ತಿಳಿಯಬಾರದು.

ಇದು ಡೇಟಾಬೇಸ್ ನೋಡಿಕೊಳ್ಳುವ ಡಿಬಿಎಗಳ ಒಳಮನೆಯ ಮಾತು, ನಮಗೇಕೆ ಎಂದು ಓದುಗರಿಗೆ ಅನಿಸಬಹುದು. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಕಾಯುವ ಮಕ್ಕಳು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವ್ಯಾಪಾರಿಗಳು, ಪಹಣಿಗಾಗಿ ನಾಡಕಚೇರಿಗೆ ಬಂದ ರೈತರು ಎದುರಿಸುವ ‘ಸರ್ವರ್ ಡೌನ್’ ಎಂಬ ಎರಡು ಪದಗಳ ಹಿಂದೆ ಯಾವುದೋ ಡೇಟಾಬೇಸಿನ ಇಂಥ ಲೆಕ್ಕ ಇರಬಹುದು. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ದೂರದೇಶದ ಬ್ಯಾಂಕು, ವಿಮಾ ಕಂಪನಿಗಳ ಡೇಟಾಬೇಸ್ ಕಾಯುವ ನಮ್ಮವರ ನಿದ್ದೆಯೂ ಈ ಲೆಕ್ಕಕ್ಕೇ ಅಂಟಿಕೊಂಡಿದೆ. ಡೇಟಾಬೇಸ್ ನೋಡುವವರು ಒಂದು ವಿಭಾಗ, ಲಿನಕ್ಸ್ ನೋಡುವವರು ಇನ್ನೊಂದು, ವರ್ಚುವಲ್ ಮಷೀನ್ ಹಂಚುವವರು ಮತ್ತೊಂದು ಎಂಬ ಇಂದಿನ ಏರ್ಪಾಡಿನಲ್ಲಿ ಒಟ್ಟು ಮೊತ್ತವನ್ನು ಕೂಡಿಸುವುದು ಯಾರ ಹೊಣೆಯೂ ಆಗಿ ಉಳಿದಿಲ್ಲ.

ಆ ಹೊಣೆಯನ್ನು ಈಗಲೇ ಗೊತ್ತುಪಡಿಸಬೇಕು. ಪ್ರತಿ ಮುಖ್ಯ ಡೇಟಾಬೇಸ್ ಸರ್ವರಿಗೂ ಒಂದೇ ಪುಟದ ಮೆಮೊರಿ ಲೆಕ್ಕಪತ್ರ ಇರಲಿ, ಮೂರೂ ವಿಭಾಗಗಳವರು ಅದಕ್ಕೆ ಸಹಿ ಹಾಕಲಿ. ಎಸ್‌ಜಿಎ, ಸಂಪರ್ಕಗಳ ಸಂಖ್ಯೆ, ಹ್ಯೂಜ್ ಪೇಜ್ ಇವುಗಳಲ್ಲಿ ಯಾವುದು ಬದಲಾದರೂ ಲೆಕ್ಕಪತ್ರ ತಿದ್ದಿದ ಮೇಲೆಯೇ ಬದಲಾವಣೆಗೆ ಅನುಮತಿ ಸಿಗಲಿ. ಆ ಪುಟದ ಕೊನೆಯಲ್ಲಿ ಉಳಿಕೆ ಇದ್ದರೆ ಧೈರ್ಯವಾಗಿ ಲಾಕ್ ಹಾಕಿ. ಉಳಿಕೆ ಇಲ್ಲದಿದ್ದರೆ ರ‍್ಯಾಮ್ ಬೇಕು ಎಂದು ಕೇಳಲು ಅದಕ್ಕಿಂತ ಬಲವಾದ ದಾಖಲೆ ಬೇಕಿಲ್ಲ. ಕಡತಕ್ಕೆ ಸಹಿ ಹಾಕುವ ಅಧಿಕಾರಿಗಳು ಆ ಪುಟವನ್ನು ಓದಿದ ಮೇಲೂ ‘ಇದ್ದುದರಲ್ಲೇ ಸುಧಾರಿಸಿ’ ಎಂದರೆ, ಮುಂದೆ ಬೀಳುವ ಸರ್ವರಿನ ಹೊಣೆಯನ್ನು ಅವರೇ ಹೊರಬೇಕು.